ಸತ್ತ ಬ್ಯಾಟರಿಗೆ ನಾವೇಕೆ ಬೆಲೆ ತೆರಬೇಕು?

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತನು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಮಾರುವವನು ಏನೇ ಹೇಳಲಿ, ವಯಸ್ಸನ್ನು ಹೇಳುವುದು ಹಲ್ಲು. ಅನಂತರ ಗೊರಸು ನೋಡುತ್ತಾನೆ, ಹೆಗಲಿನ ಮೇಲೆ ನೊಗದ ಹುಣ್ಣು ಇದೆಯೇ ಎಂದು ಕೈಯಾಡಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕುಂಟುವುದೇ ಎಂದು ಪರೀಕ್ಷಿಸುತ್ತಾನೆ. ಇಷ್ಟೆಲ್ಲ ಮುಗಿದ ಮೇಲೆಯೇ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ಅಂಥ ಅಜ್ಜಂದಿರ ಮೊಮ್ಮಕ್ಕಳಾದ ನಾವು ಇಂದು ಹಳೆಯ ವಿದ್ಯುತ್ ಸೈಕಲ್ಲನ್ನು ಮೊಬೈಲಿಗೆ ಬಂದ ನಾಲ್ಕು ಚಿತ್ರ ನೋಡಿ ಕೊಳ್ಳುತ್ತಿದ್ದೇವೆ. ಅದರ ಹಲ್ಲು ಎಲ್ಲಿದೆ ಎಂಬುದೇ ನಮಗೆ ತಿಳಿಯದು.

ಬೇರೆಯವರನ್ನು ಬೈಯುವ ಮೊದಲು ನನ್ನ ಮೂರ್ಖತನವನ್ನೇ ಓದುಗ ಮಿತ್ರರ ಮುಂದೆ ಇಡುತ್ತೇನೆ. ನನ್ನ ತಮ್ಮನ ಮಗ ಕಾಳಗಿಯಲ್ಲಿ ಪಿಯುಸಿ ವಿಜ್ಞಾನ ಓದುತ್ತಾನೆ. ಊರು ಗುಡ್ಡದ ಮೇಲಿದೆ. ಕಾಳಗಿಗೆ ಒಂಬತ್ತು ಕಿಲೋಮೀಟರ್. ಬೆಳಿಗ್ಗೆ ಇಳಿಜಾರು, ಸಂಜೆ ಏರು. ಬಸ್ಸು ಇದೆ, ಆದರೆ ಕಾಲೇಜಿನ ವೇಳೆಗೆ ಇಲ್ಲ. 2018ರಲ್ಲಿ ಕಾಳಗಿ ತಾಲ್ಲೂಕು ಆಯಿತು, ಕಚೇರಿಗಳು ಬಂದವು. ಗುಡ್ಡದ ಮೇಲಿನ ಹುಡುಗನ ಒಂಬತ್ತು ಕಿಲೋಮೀಟರು ಒಂಬತ್ತಾಗಿಯೇ ಉಳಿಯಿತು. ಹೀಗಾಗಿ ಕಲಬುರಗಿಯ ಒಬ್ಬ ವ್ಯಾಪಾರಿಯಿಂದ, ಹೈದರಾಬಾದಿನಿಂದ ತರಿಸಿದ್ದೆಂದು ಹೇಳಲಾದ, ದಪ್ಪ ಟೈರಿನ, ಮುಂದೆ ಸ್ಪ್ರಿಂಗ್ ಇರುವ, ಬ್ಯಾಟರಿ ಮೋಟಾರಿನ ಗುಡ್ಡದ ಸೈಕಲ್ಲೊಂದನ್ನು 18,000 ರೂಪಾಯಿಗೆ ಕೊಂಡೆವು. ತೊಗರಿಯ ಬೆಂಬಲ ಬೆಲೆ 2025–26ರ ಹಂಗಾಮಿಗೆ ಕ್ವಿಂಟಲಿಗೆ 8,000 ರೂಪಾಯಿ. ಅಂದರೆ ಎರಡು ಕ್ವಿಂಟಲಿಗೂ ಮಿಕ್ಕಿದ ತೊಗರಿ. ಆ ತೊಗರಿಯನ್ನು ಬಿತ್ತಿ, ಔಷಧ ಹೊಡೆದು, ಕೊಯ್ದು, ರಾಶಿ ಮಾಡಿದ್ದು ನನ್ನ ತಮ್ಮನೂ ಅವನ ಹೆಂಡತಿಯೂ. ನಾನು ಓದಿದವನೆಂದು ನಂಬಿ ಹಣವನ್ನು ನನ್ನ ಕೈಗೆ ಕೊಟ್ಟಿದ್ದರು.

ವ್ಯಾಪಾರಿ ಸಭ್ಯ ಮನುಷ್ಯ. "ಬ್ಯಾಟರಿ ಏಕ್‌ದಂ ಛಲೋ ಅದ ಸರ್, ಕಣ್ಣು ಮುಚ್ಚಿ ತಗೋರಿ" ಎಂದ. ಇನ್ನೊಂದು ಮಾತನ್ನೂ ಹೆಮ್ಮೆಯಿಂದ ಸೇರಿಸಿದ: "ಭಾಳ ಲಗೂ ಚಾರ್ಜ್ ಆಗ್ತದ ಸರ್, ಎರಡೇ ತಾಸು." ನಾನು ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವನು. ಆದರೂ ಆ ಎರಡು ತಾಸಿನ ಮಾತು ಕೇಳಿ ಸಂತೋಷಪಟ್ಟೆನೇ ಹೊರತು ಸಂಶಯಪಡಲಿಲ್ಲ.

ಮೊದಲ ವಾರದಲ್ಲಿಯೇ ಹುಡುಗ ಸಂಜೆ ಕತ್ತಲಾದ ಮೇಲೆ ಬೆವರಿನಲ್ಲಿ ನೆನೆದು ಮನೆಗೆ ಬಂದ. ಬೆಳಿಗ್ಗೆ ಹೋಗುವಾಗ ಒಂಬತ್ತು, ಬರುವಾಗ ಎರಡು ಮೂರು ಕಿಲೋಮೀಟರ್. ಏರು ಶುರುವಾಗುವ ಮೊದಲೇ ಮೋಟಾರು ನಿಂತುಬಿಡುತ್ತಿತ್ತು. ಮೋಟಾರು ನಿಂತ ವಿದ್ಯುತ್ ಸೈಕಲ್ ಎಂದರೆ ಇಪ್ಪತ್ತು ಕಿಲೋ ದಾಟಿದ ಕಬ್ಬಿಣದ ಹೊರೆ. "ದೊಡ್ಡಪ್ಪಾ, ಇದು ನನಗ ಎಳೀಲಕತ್ತಿಲ್ರೀ, ನಾನೇ ಇದಕ್ಕ ಎಳೀಲಕತ್ತೀನಿ" ಎಂದು ನಗುತ್ತಲೇ ಹೇಳಿದ. ಅವನ ಅಪ್ಪ ನಗಲಿಲ್ಲ.

ಆಗ ಲೆಕ್ಕ ಹಾಕಲು ಕುಳಿತೆವು. ಬ್ಯಾಟರಿಯ ಚೀಟಿಯ ಮೇಲೆ 36 ವೋಲ್ಟ್, 10 ಆಂಪಿಯರ್-ಗಂಟೆ ಎಂದಿದೆ. ಗುಣಿಸಿದರೆ 360 ವ್ಯಾಟ್-ಗಂಟೆ, ಅಂದರೆ ಒಂದು ಯೂನಿಟ್ಟಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಚಾರ್ಜರಿನ ಮೇಲೆ 42 ವೋಲ್ಟ್, 2 ಆಂಪಿಯರ್ ಎಂದಿದೆ. ಹತ್ತು ಕೊಡ ಹಿಡಿಯುವ ಹಂಡೆಗೆ ತಾಸಿಗೆ ಎರಡು ಕೊಡದಂತೆ ನೀರು ಹಾಕಿದರೆ ತುಂಬಲು ಐದು ತಾಸು ಬೇಕು. ಎರಡೇ ತಾಸಿನಲ್ಲಿ ತುಂಬಿತೆಂದರೆ ಹಂಡೆಯ ಅರ್ಧಕ್ಕಿಂತ ಹೆಚ್ಚು ಭಾಗ ಹೂಳು ತುಂಬಿದೆ ಎಂದರ್ಥ. ಹುಡುಗ ಭೌತಶಾಸ್ತ್ರದ ವಿದ್ಯಾರ್ಥಿಯಲ್ಲವೇ, ರಾತ್ರಿ ಮನೆಯ ದೀಪಗಳನ್ನೆಲ್ಲ ಆರಿಸಿ ಜೆಸ್ಕಾಂ ಮೀಟರಿನ ಮುಂದೆ ಕುಳಿತ. ನಮ್ಮ ಮೀಟರಿನಲ್ಲಿ ಒಂದು ಯೂನಿಟ್ಟಿಗೆ ಕೆಂಪು ದೀಪ 3200 ಸಲ ಮಿನುಗುತ್ತದೆ. ಅದನ್ನು ಮೀಟರಿನ ಮುಖದ ಮೇಲೆಯೇ ಮುದ್ರಿಸಿರುತ್ತಾರೆ. ನಿಮಿಷಕ್ಕೆ ಐದು ಸಲ ಮಿನುಗಿತು. ಎರಡು ತಾಸಿಗೆ ಚಾರ್ಜರಿನ ದೀಪ ಹಸಿರಾಯಿತು. ಒಟ್ಟು ಆರುನೂರು ಮಿನುಗು, 0.19 ಯೂನಿಟ್ಟು. ಚಾರ್ಜರಿನಲ್ಲಿ ಶಾಖವಾಗಿ ಹೋದದ್ದನ್ನು ಕಳೆದರೆ ಬ್ಯಾಟರಿಯ ಹೊಟ್ಟೆಗೆ ಹೋದದ್ದು 165 ವ್ಯಾಟ್-ಗಂಟೆ. ವ್ಯಾಪಾರಿ ಗುಣವೆಂದು ಹೊಗಳಿದ್ದು ರೋಗದ ಲಕ್ಷಣವಾಗಿತ್ತು.

ಬ್ಯಾಟರಿಯನ್ನು ಬಿಚ್ಚಿಸಿ ನೋಡಿದಾಗ ಒಳಗೆ ನಲವತ್ತು ಕೋಶಗಳು. ಬೆರಳಿಗಿಂತ ತುಸು ದಪ್ಪನೆಯ ಕೊಳವೆಗಳು. ಅವುಗಳಲ್ಲಿ ಎಂಟರ ಬಣ್ಣವೇ ಬೇರೆ. ಯಾರೋ ಸತ್ತ ಕೋಶಗಳನ್ನು ತೆಗೆದು, ಬೇರೆ ಯಾವುದೋ ಹಳೆಯ ಯಂತ್ರದಿಂದ ಕಿತ್ತ ಕೋಶಗಳನ್ನು ಬೆಸೆದು, ಮೇಲೆ ಹೊಸ ಪ್ಲಾಸ್ಟಿಕ್ ಸುತ್ತಿದ್ದರು. ತಯಾರಕರ ಗ್ರಾಹಕ ಸೇವೆಗೆ ಫೋನು ಮಾಡಿದರೆ ಆ ಮಾದರಿ ನಿಂತುಹೋಗಿದೆ, ಅದರ ಬ್ಯಾಟರಿ ಈಗ ಬರುವುದಿಲ್ಲ ಎಂಬ ಉತ್ತರ. ಬೇರೆ ಕಡೆ ಮಾಡಿಸಿದರೆ ಹದಿಮೂರು ಸಾವಿರ.

ನನ್ನ ವಾದ ಇಲ್ಲಿಂದ ಆರಂಭವಾಗುತ್ತದೆ. ಹಳೆಯ ವಿದ್ಯುತ್ ಸೈಕಲ್ ಕೊಳ್ಳುವುದು ನಮ್ಮಂಥ ಗುಡ್ಡದ ಊರುಗಳಿಗೆ ಒಳ್ಳೆಯ ಕೆಲಸವೇ ಸರಿ. ಆದರೆ ಇಂದು ಅದು ನಡೆಯುತ್ತಿರುವ ರೀತಿಯಲ್ಲಿ, ನಗರವು ತಾನು ಬಳಸಿ ಮುಗಿಸಿದ ಬ್ಯಾಟರಿಯನ್ನು ವಿಲೇವಾರಿ ಮಾಡುವ ಖರ್ಚನ್ನು ತಪ್ಪಿಸಿಕೊಂಡು, ಅದನ್ನು ನಮ್ಮ ಅಂಗಳಕ್ಕೆ ಸಾಗಿಸಿ, ಸಾಗಿಸಿದ್ದಕ್ಕೆ ನಮ್ಮಿಂದಲೇ ಹಣ ಪಡೆಯುತ್ತಿದೆ. ಕಸ ಒಯ್ಯುವವನಿಗೆ ಕೂಲಿ ಕೊಡುವುದು ಲೋಕರೂಢಿ. ಇಲ್ಲಿ ಕಸ ಒಯ್ಯುವವನೇ ಎರಡು ಕ್ವಿಂಟಲ್ ತೊಗರಿ ಕೊಟ್ಟು ಬಂದಿದ್ದಾನೆ!

ನಮ್ಮ ಬಳಗದಲ್ಲಿಯೇ ಕೆಲವು ಹಿರಿಯರು ಇದನ್ನು ಕೇಳಿ, "ನಾವು ಹೇಳಲಿಲ್ಲವೇ? ವಿದ್ಯುತ್ ವಾಹನವೆಂಬುದೇ ಮೋಸ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಇಲ್ಲಿ ಹಸಿರು ಎನ್ನುತ್ತೀರಿ. ಹುಡುಗರು ಸಾದಾ ಸೈಕಲ್ ತುಳಿಯಲಿ" ಎಂದರು. ಇವರೊಡನೆ ನನ್ನ ಜಗಳವಿದೆ. ಇದನ್ನು ಹೇಳಿದವರಲ್ಲಿ ಮೂವರು ಸಭೆಗೆ ಮೋಟಾರು ಸೈಕಲ್ಲಿನ ಮೇಲೆ ಬಂದಿದ್ದರು ಎಂಬುದನ್ನು ಬಿಡಿ. ಲೆಕ್ಕವನ್ನಾದರೂ ಮಾಡೋಣ. ಲೀಟರಿಗೆ ಐವತ್ತು ಕಿಲೋಮೀಟರ್ ಓಡುವ ಬೈಕು ನೂರು ಕಿಲೋಮೀಟರಿಗೆ ಎರಡು ಲೀಟರ್ ಪೆಟ್ರೋಲು ಸುಡುತ್ತದೆ. ಹೊರಬರುವ ಇಂಗಾಲದ ಡೈಆಕ್ಸೈಡ್ ಸುಮಾರು ನಾಲ್ಕೂವರೆ ಕಿಲೋ. ವಿದ್ಯುತ್ ಸೈಕಲ್ಲಿಗೆ ಅದೇ ದೂರಕ್ಕೆ, ಪೆಡಲ್ ಸಹ ತುಳಿಯುತ್ತ ಹೋದರೆ, ಒಂದೂವರೆ ಯೂನಿಟ್ಟು ಸಾಕು. ನಮ್ಮ ದೇಶದ ವಿದ್ಯುತ್ ಜಾಲದಲ್ಲಿ ಕಲ್ಲಿದ್ದಲಿನ ಪಾಲು ಎಷ್ಟೇ ಇದ್ದರೂ ಯೂನಿಟ್ಟಿಗೆ ಮುಕ್ಕಾಲು ಕಿಲೋದ ಒಳಗೇ ಬರುತ್ತದೆ. ಅಂದರೆ ಒಂದು ಕಿಲೋ ಚಿಲ್ಲರೆ. ನಾಲ್ಕರಲ್ಲಿ ಒಂದು ಪಾಲು. ಸಾದಾ ಸೈಕಲ್ ಇದಕ್ಕಿಂತ ಉತ್ತಮ, ಒಪ್ಪಿದೆ. ಆದರೆ ಬೇಸಿಗೆಯಲ್ಲಿ ನಲವತ್ತೆರಡು ಡಿಗ್ರಿ ದಾಟುವ ಈ ನಾಡಿನಲ್ಲಿ ಪುಸ್ತಕದ ಚೀಲ ಹೊತ್ತು ದಿನವೂ ಗುಡ್ಡ ಹತ್ತಬೇಕಾದ ಹುಡುಗಿಗೆ, ಮೊಣಕಾಲು ಸವೆದ ಅವ್ವನಿಗೆ "ತುಳಿಯಿರಿ" ಎಂದು ಉಪದೇಶಿಸುವ ಅಧಿಕಾರ ನಮಗೆ ಎಲ್ಲಿಂದ ಬಂತು? ಸರ್ಕಾರ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಕೊಡತೊಡಗಿದ್ದ ಸೈಕಲ್ ಕೋವಿಡ್ ಕಾಲದಲ್ಲಿ ನಿಂತಾಗ ನಮ್ಮಲ್ಲಿ ಎಷ್ಟು ಜನ ಬೀದಿಗೆ ಇಳಿದೆವು?

ಲಿಥಿಯಂ ಗಣಿಗಾರಿಕೆಯ ಮಾತನ್ನೂ ಅವರು ಎತ್ತಿದರು. ಚಿಲಿಯ ಅಟಕಾಮ ಮರುಭೂಮಿಯ ಉಪ್ಪುನೀರು, ಕಾಂಗೋದ ಕೋಬಾಲ್ಟ್ ಗಣಿಗಳಲ್ಲಿ ದುಡಿಯುವ ಮಕ್ಕಳು, ಎಲ್ಲವೂ ನಿಜ. ಅಷ್ಟು ದೂರವೂ ಹೋಗಬೇಕಿಲ್ಲ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ 1,600 ಟನ್ ಲಿಥಿಯಂ ಇದೆಯೆಂದು ಪರಮಾಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿದೆ. ನಮ್ಮ ಪಕ್ಕದ ಯಾದಗಿರಿ ಜಿಲ್ಲೆಯಲ್ಲಿಯೂ ಹುಡುಕಾಟ ನಡೆಸಿದೆ. ಸೇಡಂ, ವಾಡಿಗಳ ಸುಣ್ಣದ ಕಲ್ಲು ಸಿಮೆಂಟಾಗಿ ಊರೂರಿಗೆ ಹೋದ ಮೇಲೆ ಇಲ್ಲಿ ಉಳಿಯುವುದು ಧೂಳು ಮತ್ತು ಗುಂಡಿ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದ್ದರಿಂದಲೇ ನಾನು ಹೇಳುವುದು: ಒಮ್ಮೆ ಭೂಮಿಯಿಂದ ತೆಗೆದ ಲೋಹವನ್ನು ಅದರ ಕೊನೆಯ ಕಿಲೋಮೀಟರಿನ ತನಕ ದುಡಿಸಬೇಕು. ಹಳೆಯದನ್ನು ಕೊಳ್ಳುವುದೆಂದರೆ ಒಂದು ಹೊಸ ಗುಂಡಿಯನ್ನು ತಡೆದಂತೆ. ಆದರೆ ಕೊಂಡದ್ದು ಓಡಬೇಕಲ್ಲ! ಓಡದ ಬ್ಯಾಟರಿಯನ್ನು ಕೊಂಡು ಆರು ತಿಂಗಳಿಗೆ ಹೊಸದನ್ನು ತರಿಸಿದರೆ ಗುಂಡಿಯೂ ಬಿತ್ತು, ಗಂಟೂ ಹೋಯಿತು.

ಗುಡ್ಡದ ಸೈಕಲ್ಲಿನ ಹುಟ್ಟಿನ ಕಥೆ ಇಲ್ಲಿ ನೆನಪಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟಮಲ್ಪಾಯಸ್ ಎಂಬ ಬೆಟ್ಟವಿದೆ. 1970ರ ದಶಕದಲ್ಲಿ ಅಲ್ಲಿಯ ಕೆಲವು ಹುಡುಗರು 1930–40ರ ಕಾಲದ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಅಗ್ಗಕ್ಕೆ ಕೊಂಡು, ಮೋಟಾರು ಸೈಕಲ್ಲಿನ ಬ್ರೇಕು, ಬೇರೆ ಸೈಕಲ್ಲಿನ ಗೇರು ಜೋಡಿಸಿ ಗುಡ್ಡ ಇಳಿಯತೊಡಗಿದರು. 1976ರ ಅಕ್ಟೋಬರಿನಲ್ಲಿ ಪಂದ್ಯವನ್ನೇ ಆರಂಭಿಸಿದರು. ಇಳಿಯುವ ಭರದಲ್ಲಿ ಹಿಂದಿನ ಬ್ರೇಕಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು, ಅದರಿಂದಲೇ ಆ ಪಂದ್ಯಕ್ಕೆ ಹೆಸರು ಬಂತು. ಹಳೆಯ ಸರಕು, ಬಿಚ್ಚಿ ನೋಡುವ ಕೈ, ಸ್ವಂತ ದುರಸ್ತಿ: ಇವುಗಳಿಂದ ಹುಟ್ಟಿದ ಗಾಡಿಯನ್ನು ಇಂದು ತಯಾರಕರು ಬೀಗ ಹಾಕಿ ಮಾರುತ್ತಿದ್ದಾರೆ. ಬ್ಯಾಟರಿಯ ಪೆಟ್ಟಿಗೆಗೆ ವಿಶೇಷ ಆಕಾರ, ವಿಶೇಷ ಪಿನ್ನು. ಬೇರೆ ಯಾವುದೂ ಕೂರದು. ಕೆಲವಕ್ಕೆ ಮೊಬೈಲಿನ ಆ್ಯಪ್ ಇಲ್ಲದೆ ಬೀಗವೇ ತೆರೆಯದು. ನೆದರ್ಲೆಂಡ್ಸಿನ ವ್ಯಾನ್‌ಮೂಫ್ ಎಂಬ ವಿದ್ಯುತ್ ಸೈಕಲ್ ಕಂಪನಿ 2023ರ ಜುಲೈನಲ್ಲಿ ದಿವಾಳಿಯಾದಾಗ, ಅದರ ಸರ್ವರ್ ನಿಂತರೆ ತಮ್ಮ ಸೈಕಲ್ ತಮಗೇ ತೆರೆಯದೇ ಹೋದೀತೆಂದು ಸವಾರರು ಗಾಬರಿಗೊಂಡರು. ಪ್ರತಿಸ್ಪರ್ಧಿ ಕಂಪನಿಯೊಂದು ಕೀಲಿ ಉಳಿಸಿಕೊಳ್ಳುವ ಆ್ಯಪ್ ಮಾಡಿಕೊಡಬೇಕಾಯಿತು. ಕಾಳಗಿಯ ಪಂಕ್ಚರ್ ಅಂಗಡಿಯವನು ಬಿಚ್ಚಲಾರದ ಸೈಕಲ್ ಕಾಳಗಿಗೆ ಸೈಕಲ್ಲೇ ಅಲ್ಲ.

ಕಾನೂನು ಏನು ಹೇಳುತ್ತದೆ? ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ ಇದ್ದು, ವೇಗ ಗಂಟೆಗೆ 25 ಕಿಲೋಮೀಟರಿನ ಮಿತಿಯಲ್ಲಿದ್ದು, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದಿದ್ದರೆ ಅದು ಮೋಟಾರು ವಾಹನವೇ ಅಲ್ಲ. ನೋಂದಣಿ ಬೇಡ, ಲೈಸೆನ್ಸ್ ಬೇಡ, ವಿಮೆ ಬೇಡ. ವಿದ್ಯಾರ್ಥಿಗಳಿಗೂ ಬಡವರಿಗೂ ಇದು ದೊಡ್ಡ ಅನುಕೂಲ. ಇದನ್ನು ತೆಗೆಯಬೇಕೆಂದು ನಾನು ಎಂದೂ ಹೇಳಲಾರೆ. ಆದರೆ ಇದರ ಇನ್ನೊಂದು ಮುಖವನ್ನು ಗಮನಿಸಿ. ಹಳೆಯ ಬೈಕು ಕೊಂಡರೆ ಆರ್‌ಸಿ ಪುಸ್ತಕವಿದೆ, ಹುಟ್ಟಿದ ವರ್ಷವಿದೆ, ಹಿಂದಿನ ಮಾಲೀಕರ ಹೆಸರಿದೆ. ಹಳೆಯ ವಿದ್ಯುತ್ ಸೈಕಲ್ಲಿಗೆ ಒಂದು ಚೂರು ಕಾಗದವಿಲ್ಲ. ಅದು ಎಷ್ಟು ವರ್ಷದ್ದು, ಕದ್ದದ್ದೇ, ಮಳೆಯಲ್ಲಿ ಮುಳುಗಿದ್ದೇ, ಬ್ಯಾಟರಿ ಬದಲಾಗಿದೆಯೇ, ಹೇಳುವವರಿಲ್ಲ. "ಇನ್ನೂ ಜೋರಾಗಿ ಓಡುತ್ತದೆ" ಎಂದು ಸಾವಿರ ವ್ಯಾಟಿನ ಮೋಟಾರು ಕೂರಿಸಿದ್ದನ್ನು ಕೊಂಡರಂತೂ ಅದು ನೋಂದಣಿಯಿಲ್ಲದ ಮೋಟಾರು ವಾಹನ. ಅಪಘಾತವಾದ ದಿನ ವಿಮೆಯೂ ಇಲ್ಲ, ರಕ್ಷಣೆಯೂ ಇಲ್ಲ.

ಬ್ಯಾಟರಿಯ ವಿಷಯದಲ್ಲಿ ಕಾನೂನು ಮೂಕವಾಗಿಲ್ಲ. 2022ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳನ್ನು ಪ್ರಕಟಿಸಿತು. 2001ರ ಹಳೆಯ ನಿಯಮಗಳು ಸೀಸದ ಬ್ಯಾಟರಿಗೆ ಸೀಮಿತವಾಗಿದ್ದವು. ಹೊಸವು ಲಿಥಿಯಂ ಸೇರಿ ಎಲ್ಲ ಬಗೆಯ ಬ್ಯಾಟರಿಗಳಿಗೂ ಅನ್ವಯಿಸುತ್ತವೆ. ಮಾರುಕಟ್ಟೆಗೆ ಬಿಟ್ಟ ಬ್ಯಾಟರಿಯನ್ನು ಸತ್ತ ಮೇಲೆ ಸಂಗ್ರಹಿಸಿ ಮರುಬಳಕೆಗೆ ಒಯ್ಯುವ ಹೊಣೆ ತಯಾರಕನದು. ಹಳೆಯದನ್ನು ಹಣ ಕೊಟ್ಟು ಮರಳಿ ಪಡೆಯುವ ಅಥವಾ ಠೇವಣಿ ಹಿಂದಿರುಗಿಸುವ ಯೋಜನೆ ನಡೆಸಲು ಅವಕಾಶವೂ ಅದರಲ್ಲಿದೆ. ಹಳೆಯ ಬ್ಯಾಟರಿಯನ್ನು ಬಿಚ್ಚಿ ಮರುಜೋಡಿಸುವ ಉದ್ಯಮ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಬೇರೆ ಬಣ್ಣದ ಎಂಟು ಕೋಶ ಬೆಸೆದವರು ಯಾವ ಮಂಡಳಿಯಲ್ಲಿ ನೋಂದಾಯಿಸಿದ್ದರೋ!

ಟ್ರ್ಯಾಕ್ಟರಿನ ಬ್ಯಾಟರಿ ಹಳೆಯದಾದರೆ ನಾವು ಏನು ಮಾಡುತ್ತೇವೆ? ಅಂಗಡಿಗೆ ಒಯ್ದು ಕೊಡುತ್ತೇವೆ. ಹೊಸದರ ಬೆಲೆಯಲ್ಲಿ ಇಷ್ಟೆಂದು ಕಡಿತ ಸಿಗುತ್ತದೆ. ಗುಜರಿಯವನೂ ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾನೆ, ಏಕೆಂದರೆ ಸೀಸಕ್ಕೆ ಬೆಲೆಯಿದೆ. ಲಿಥಿಯಂ ಬ್ಯಾಟರಿಯನ್ನು ನಮ್ಮ ಗುಜರಿಯವನು ಕೈಯಲ್ಲಿಯೂ ಮುಟ್ಟುವುದಿಲ್ಲ. "ಬ್ಯಾಡ್ರೀ ಮಾಸ್ತರ್, ಅದು ಉರಿತದ" ಎಂದ. ಅವನು ಹೇಳಿದ್ದು ಸರಿ. 2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನ ಹೋಟೆಲೊಂದರ ಕೆಳಗಿದ್ದ ವಿದ್ಯುತ್ ಸ್ಕೂಟರ್ ಮಳಿಗೆಯಲ್ಲಿ ಹೊತ್ತಿದ ಬೆಂಕಿಯ ಹೊಗೆಗೆ ಮೇಲಿನ ಕೋಣೆಗಳಲ್ಲಿದ್ದ ಎಂಟು ಜನ ಬಲಿಯಾದರು. ನ್ಯೂಯಾರ್ಕ್ ನಗರದಲ್ಲಿ 2023ರ ಒಂದೇ ವರ್ಷದಲ್ಲಿ ಇಂಥ ಬ್ಯಾಟರಿಗಳ ಬೆಂಕಿಗೆ ಹದಿನೆಂಟು ಜನ ಸತ್ತರು. ಅವರಲ್ಲಿ ಅನೇಕರು ಇಕ್ಕಟ್ಟಾದ ಮನೆಗಳಲ್ಲಿದ್ದ ಬಡವರು. ಆ ನಗರ ಅದೇ ವರ್ಷ ಎರಡು ಕಾಯಿದೆ ಮಾಡಿತು: ಪ್ರಮಾಣಪತ್ರವಿಲ್ಲದ ವಿದ್ಯುತ್ ಸೈಕಲ್ಲನ್ನು ಮಾರಕೂಡದು, ಹಳೆಯ ಬ್ಯಾಟರಿಗಳಿಂದ ಕಿತ್ತ ಕೋಶಗಳನ್ನು ಜೋಡಿಸಿ ಮಾರಕೂಡದು. ನಮ್ಮ ಬ್ಯಾಟರಿಗೆ ಬೆಸೆದಿದ್ದಂಥ ಕೋಶಗಳು ಅಲ್ಲಿ ಅಪರಾಧ, ಇಲ್ಲಿ "ಏಕ್‌ದಂ ಛಲೋ". ನಮ್ಮ ಮನೆಗಳಲ್ಲಿ ಸೈಕಲ್ ನಿಲ್ಲಿಸುವ ಜಾಗ ಯಾವುದು? ಪಡಸಾಲೆ. ಪಕ್ಕದಲ್ಲಿ ತೊಗರಿ ಕಟ್ಟಿಗೆಯ ಹೊರೆ, ಹೊಟ್ಟಿನ ಚೀಲ, ಮಲಗಿದ ಮಕ್ಕಳು.

ಸರ್ಕಾರದ ಕಡೆ ನೋಡಿದರೆ, ಕರ್ನಾಟಕ 2017ರಲ್ಲಿ ವಿದ್ಯುತ್ ವಾಹನ ನೀತಿಯನ್ನು ತಂದ ಮೊದಲ ರಾಜ್ಯ. 2025ರ ಫೆಬ್ರವರಿಯಲ್ಲಿ ಹೊಸ ಸ್ವಚ್ಛ ಸಂಚಾರ ನೀತಿ ಬಂತು. ಅದರ ಗುರಿ 50,000 ಕೋಟಿ ರೂಪಾಯಿ ಹೂಡಿಕೆ, ಒಂದು ಲಕ್ಷ ಉದ್ಯೋಗ. ಸಂತೋಷ. ಈ ಕೋಟಿಗಳ ಗದ್ದಲದಲ್ಲಿ, ಎರಡನೆಯ ಕೈಗೆ, ಮೂರನೆಯ ಕೈಗೆ ದಾಟಿ ಕೊನೆಗೆ ಗುಡ್ಡದ ತಾಂಡಾಕ್ಕೆ ಬಂದು ಬೀಳುವ ಬ್ಯಾಟರಿಯನ್ನು ಯಾರು ಎತ್ತಬೇಕು? ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ನಿಯಮ ಇದಕ್ಕೆ ಒಂದು ಉತ್ತರ ಕೊಟ್ಟಿದೆ. ಅದರಂತೆ 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ವಿದ್ಯುತ್ ಸೈಕಲ್ಲಿನ ಬ್ಯಾಟರಿಯನ್ನು ಕಂಪನಿಗೆ ಸೇರದ ಯಾವ ಕುಶಲಕರ್ಮಿಯಾದರೂ ತೆಗೆದು ಬದಲಾಯಿಸುವಂತಿರಬೇಕು. ಪ್ರತಿ ಬ್ಯಾಟರಿಗೂ ಅದರ ಹುಟ್ಟು, ಒಳಗಿನ ವಸ್ತುಗಳನ್ನು ದಾಖಲಿಸಿದ ಒಂದು ಡಿಜಿಟಲ್ ರಹದಾರಿ ಇರಬೇಕು. ಎತ್ತಿನ ಹಲ್ಲೆಂದರೆ ಇದೇ ತಾನೇ? ಈ ಹಲ್ಲು ನಮ್ಮ ದೇಶದ ಬ್ಯಾಟರಿಗೂ ಮೂಡಬೇಕೆಂದು ಕೇಳುವುದರಲ್ಲಿ ಅತಿಯಾಸೆ ಏನಿದೆ?

ಅದು ಬರುವ ತನಕ ಕಾಯಲು ಹುಡುಗರಿಗೆ ಪುರಸೊತ್ತಿಲ್ಲ. ಕಾಲೇಜು ಜೂನಿನಲ್ಲಿ ತೆರೆಯುತ್ತದೆ. ಆದ್ದರಿಂದ ಕೊಳ್ಳುವವರಿಗೆ ನನ್ನದೊಂದು ಕಟ್ಟುನಿಟ್ಟಿನ ಮಾತು: ಬ್ಯಾಟರಿ ಇಲ್ಲವೆಂದೇ ತಿಳಿದು ಬೆಲೆ ಕಟ್ಟಿ. ಚೌಕಟ್ಟು, ಗಾಲಿ, ಮೋಟಾರು, ಬ್ರೇಕು, ಇವುಗಳಿಗೆ ಎಷ್ಟು ಕೊಡಬಹುದೋ ಅಷ್ಟೇ. ಬ್ಯಾಟರಿ ಬದುಕಿದೆಯೆಂದು ಮಾರುವವನು ತೋರಿಸಿಕೊಟ್ಟರೆ ಆಗ ಮೇಲೆ ಸೇರಿಸೋಣ. ತೋರಿಸುವ ಬಗೆ ಸರಳ. ಪೂರ್ತಿ ಖಾಲಿಯಾದ ಬ್ಯಾಟರಿಯನ್ನು ನಿಮ್ಮ ಕಣ್ಣೆದುರಿಗೆ ಚಾರ್ಜಿಗೆ ಹಚ್ಚಿ, ಎಷ್ಟು ತಾಸು ಹಿಡಿಯಿತು ಎಂದು ಬರೆದುಕೊಳ್ಳಿ. ಆಂಪಿಯರ್-ಗಂಟೆಯನ್ನು ಚಾರ್ಜರಿನ ಆಂಪಿಯರಿನಿಂದ ಭಾಗಿಸಿದಾಗ ಬರುವ ತಾಸಿಗೆ ಅದು ಹತ್ತಿರವಿರಬೇಕು. ಅರ್ಧ ದಿನ ಕಾಯಬೇಕಾಗುತ್ತದೆ, ನಿಜ. ಎತ್ತಿಗಾಗಿ ಮೂರು ದಿನ ಜಾತ್ರೆಯಲ್ಲಿ ಮಲಗುತ್ತಿದ್ದವರು ನಾವು. 36 ವೋಲ್ಟಿನ ಬ್ಯಾಟರಿ ಪೂರ್ತಿ ತುಂಬಿದಾಗ 42 ವೋಲ್ಟ್ ತೋರಿಸಬೇಕು. ಒಂದು ರಾತ್ರಿ ಬಿಟ್ಟು ಮತ್ತೆ ಅಳೆದಾಗ ಗಣನೀಯವಾಗಿ ಇಳಿದಿದ್ದರೆ ಒಳಗೆ ಯಾವುದೋ ಕೋಶ ಸೋರುತ್ತಿದೆ. ಆಮೇಲೆ ಸಮತಟ್ಟಾದ ರಸ್ತೆಯನ್ನು ಬಿಟ್ಟು ಏರಿನಲ್ಲಿ ಓಡಿಸಿ. ಅಂಗಡಿಯ ಮುಂದಿನ ಡಾಂಬರಿನ ಮೇಲೆ ಎಲ್ಲ ಸೈಕಲ್ಲುಗಳೂ ಶೂರರೇ. ಬ್ಯಾಟರಿಯ ಹೊರಮೈ ಉಬ್ಬಿದ್ದರೆ, ಸ್ಕ್ರೂಗಳ ತಲೆ ಸವೆದಿದ್ದರೆ, ತಯಾರಿಕೆಯ ದಿನಾಂಕ ಇರಬೇಕಾದ ಚೀಟಿ ಹರಿದಿದ್ದರೆ, ನಮಸ್ಕಾರ ಹೇಳಿ ಹೊರಟುಬಿಡಿ. ಉಳಿದದ್ದು ಯಾವ ಸೈಕಲ್ಲಿಗೂ ಇದ್ದದ್ದೇ: ಚೌಕಟ್ಟಿನ ಬೆಸುಗೆಯಲ್ಲಿ ಬಿರುಕು, ಮೋಟಾರು ಕೂತ ಹಿಂದಿನ ಗಾಲಿಯ ಸಡಿಲ ಕಡ್ಡಿಗಳು, ಸವೆದ ಚೈನು. ಹೆಸರಿಗೆ "ಮೌಂಟನ್" ಎಂದು ಬರೆದ ಅಗ್ಗದ ಸ್ಪ್ರಿಂಗಿನ ಮೇಲೆ ಮರುಳಾಗಬೇಡಿ. ಏರಿನಲ್ಲಿ ಅದು ನಿಮ್ಮ ತುಳಿತದ ಬಲವನ್ನೇ ತಿನ್ನುತ್ತದೆ. ಕೆಂಪು ಗರಸಿಗೆ ದಪ್ಪ ಟೈರು, ಏರಿಗೆ ಸಣ್ಣ ಗೇರು, ಇಳಿಜಾರಿಗೆ ನಂಬಿಕೆಯ ಬ್ರೇಕು, ಇಷ್ಟಿದ್ದರೆ ಸಾಕು. ಎರೆ ಮಣ್ಣಿನ ಮಳೆಗಾಲದಲ್ಲಿ ಯಾವ ಟೈರೂ ನಡೆಯದು. ಆಗ ಹೆಗಲೇ ಗತಿ.

ಅಂಗಡಿಯಿಂದ ಕೊಂಡರೆ ರಸೀದಿ ಕೇಳಿ, ಅದರಲ್ಲಿ ಬ್ಯಾಟರಿಯ ಸಂಖ್ಯೆಯನ್ನೂ "ಇಷ್ಟು ಕಿಲೋಮೀಟರ್ ಓಡುತ್ತದೆ" ಎಂಬ ಮಾತನ್ನೂ ಬರೆಸಿ. ಬರೆಯಲು ಹಿಂಜರಿಯುವ ಕೈ ಎಲ್ಲವನ್ನೂ ಹೇಳಿಬಿಡುತ್ತದೆ. ರಸೀದಿಯಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಬಹುದು. ನನ್ನ ಬಳಿ ರಸೀದಿ ಇಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಕೊಂಡ ಮೇಲಿನ ಮಾತೂ ಒಂದಿದೆ. ನಮ್ಮ ಬಿಸಿಲು ಲಿಥಿಯಂ ಬ್ಯಾಟರಿಗೆ ಶತ್ರು. ನಲವತ್ತು ಡಿಗ್ರಿಯಲ್ಲಿ ಪೂರ್ತಿ ತುಂಬಿಸಿ ಸುಮ್ಮನೆ ಇಟ್ಟ ಬ್ಯಾಟರಿ ಒಂದು ವರ್ಷದಲ್ಲಿ ಓಡದೆಯೇ ತನ್ನ ಶಕ್ತಿಯ ಸುಮಾರು ಮೂರನೆಯ ಒಂದು ಭಾಗವನ್ನು ಕಳೆದುಕೊಳ್ಳಬಲ್ಲದು. ಬಿಸಿಲಲ್ಲಿ ಬಂದ ಕೂಡಲೇ ಚಾರ್ಜಿಗೆ ಹಚ್ಚದೆ ಆರಲು ಬಿಡಿ; ಬೇಸಿಗೆ ರಜೆಯಲ್ಲಿ ಅರ್ಧ ತುಂಬಿಸಿ ಫರ್ಸಿ ಹಾಸಿದ ತಂಪು ಕೋಣೆಯಲ್ಲಿಡಿ. ಶಹಾಬಾದಿನ ಕಲ್ಲು ಕೊನೆಗೂ ನಮ್ಮದೇ ಮನೆಯ ಒಂದು ವಸ್ತುವನ್ನು ಕಾಪಾಡಲಿ.

ನಮ್ಮ ಬಳಗದ ಮುಂದಿನ ಸಭೆಯಲ್ಲಿ ನಾನು ಎರಡು ಬೇಡಿಕೆ ಇಡಲಿದ್ದೇನೆ. ಸಾಕೆಟ್ಟಿಗೆ ಸಿಕ್ಕಿಸಿ ಯೂನಿಟ್ಟು ಅಳೆಯುವ ಒಂದು ಸಣ್ಣ ಮೀಟರನ್ನೂ ಒಂದು ವೋಲ್ಟ್ ಮೀಟರನ್ನೂ ಬಳಗದ ಹಣದಿಂದ ಕೊಂಡು, ಹಳೆಯ ಸೈಕಲ್ ಕೊಳ್ಳಲು ಹೊರಟ ಯಾರಿಗೇ ಆಗಲಿ ಎರವಲು ಕೊಡಬೇಕು. ಅಳೆಯಲು ನಮ್ಮ ಹುಡುಗ ಜೊತೆಗೆ ಹೋಗುತ್ತಾನೆ, ಅವನಿಗೆ ಈಗ ಅದರಲ್ಲಿ ಕೈ ಕುದುರಿದೆ. ಎರಡನೆಯದು, ಸತ್ತ ಬ್ಯಾಟರಿಗಳನ್ನು ಪಡೆಯುವ ಒಂದು ಜಾಗವನ್ನು ತಯಾರಕರ ಖರ್ಚಿನಲ್ಲಿ ಕಾಳಗಿಯ ತಾಲ್ಲೂಕು ಕೇಂದ್ರದಲ್ಲಿ ತೆರೆಯುವಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕಲಬುರಗಿ ಪ್ರಾದೇಶಿಕ ಕಚೇರಿಗೆ ಎಲ್ಲರೂ ಸಹಿ ಮಾಡಿದ ಮನವಿ ಹೋಗಬೇಕು. ನಲವತ್ತು ಸಹಿಯಾದರೂ ಬೇಕು, ಕೋಶಕ್ಕೊಂದರಂತೆ.

ನಮ್ಮ ಬ್ಯಾಟರಿ ಈಗ ಹಿತ್ತಲಿನಲ್ಲಿ, ದನದ ಕೊಟ್ಟಿಗೆಯಿಂದ ದೂರ, ಒಣ ಮರಳು ತುಂಬಿದ ಹಳೆಯ ಗುಡಾಣದೊಳಗೆ ಇದೆ. ಮೇಲೆ ಒಂದು ಫರ್ಸಿ ಮುಚ್ಚಿದ್ದೇನೆ. ಅದನ್ನು ಮರಳಿ ಒಯ್ಯಬೇಕೆಂದು 2022ರ ನಿಯಮಗಳನ್ನು ಉಲ್ಲೇಖಿಸಿ ತಯಾರಕರಿಗೆ ಸ್ಪೀಡ್ ಪೋಸ್ಟಿನಲ್ಲಿ ಬರೆದ ಪತ್ರ ತಲುಪಿದ ಚೀಟಿ ನನ್ನ ಬಳಿ ಇದೆ. ಮೂರು ತಿಂಗಳಾದರೂ ಉತ್ತರವಿಲ್ಲ. ಹುಡುಗ ಬ್ಯಾಟರಿ ಕಳಚಿದ ಸೈಕಲ್ಲನ್ನೇ ತುಳಿಯುತ್ತ ಬೆಳಿಗ್ಗೆ ಇಳಿಯುತ್ತಾನೆ, ಸಂಜೆ ಏರಿನಲ್ಲಿ ನೂಕುತ್ತ ಬರುತ್ತಾನೆ. ಎರಡನೆಯ ಪತ್ರವನ್ನು ಅವನೇ ಬರೆದಿದ್ದಾನೆ; ನಾಳೆ ಕಾಳಗಿಯ ಅಂಚೆ ಕಚೇರಿಗೆ ಹಾಕುತ್ತಾನೆ.